ಮಿದುಳಿನ ವಿದ್ಯುಲ್ಲೇಖವೂ ಸ್ವಸ್ಥಸಮೂಹವೆಂಬ ಅಳತೆಗೋಲೂ

ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿ ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿಸಿ ಹೇಳಿದನು. ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಸ್ಥಳಗಳ ನಡುವಣ ನಾಡಿನ ಮಾತನ್ನೇ ಕನ್ನಡದ ತಿರುಳೆಂದು ಅವನು ಎಣಿಸಿದುದು ಸಾಹಿತ್ಯಾಭ್ಯಾಸಿಗಳೆಲ್ಲರಿಗೂ ವಿದಿತವಾದ ಸಂಗತಿ. ಆ ನಿರ್ಣಯದ ಸ್ವರೂಪವನ್ನು ಕೊಂಚ ವಿಚಾರಿಸಿ ನೋಡಿದರೆ ಅದರಲ್ಲಿ ಎರಡು ಕೆಲಸಗಳು ಅಡಗಿರುವುದು ಕಾಣುತ್ತದೆ. ಇಂತಿಂಥವರ ನುಡಿಯನ್ನು ಮಾದರಿಯಾಗಿ ಆರಿಸಿಕೊಳ್ಳುವುದು ಒಂದು; ಉಳಿದವರ ನುಡಿ ಆ ಮಾದರಿಗೆ ಎಷ್ಟು ಸಮೀಪ, ಎಷ್ಟು ದೂರ ಎಂದು ಅಳೆಯುವುದು ಇನ್ನೊಂದು. ತುಂಗಭದ್ರೆಯ ತೆಂಕಣ ಕಡೆಗಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಎರಡು ನದಿಗಳ ನಡುವಣ ನಾಡಿಗೆ ಸೇರಿದ್ದರೂ ಆ ನಾಲ್ಕು ಊರುಗಳ ವಲಯದಿಂದ ಹೊರಗೆ ಉಳಿಯುತ್ತದೆ. ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯ ರೈತನ ಮಾತು ತಿರುಳಿನಿಂದ ದೂರವಿದೆ ಎಂದರೆ ಒಪ್ಪಬಹುದು. ಅದು ತಪ್ಪು ಮಾತು ಎಂದರೆ ಒಪ್ಪಲಾಗದು. ದೂರವನ್ನೇ ದೋಷವೆಂದು ಓದುವ ಈ ಪ್ರಮಾದ ಭಾಷೆಯಲ್ಲಿ ನಡೆದರೆ ಒಂದು ಪಂಡಿತವಿವಾದದಲ್ಲಿ ಮುಗಿಯುತ್ತದೆ. ಮನುಷ್ಯನ ಮಿದುಳಿನ ವಿಷಯದಲ್ಲಿ ನಡೆದರೆ ಒಂದು ಮಗುವಿನ ಓದು, ಔಷಧ, ಮುಂದಿನ ಮದುವೆಯ ಮಾತು ಎಲ್ಲವೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ.

ಒಬ್ಬನ ಮಿದುಳಿನಿಂದ ತೆಗೆದ ವಿದ್ಯುಲ್ಲೇಖವನ್ನು, ಆರೋಗ್ಯವಂತರೆಂದು ಆರಿಸಿದ ಒಂದು ಸಮೂಹದ ವಿದ್ಯುಲ್ಲೇಖಗಳೊಡನೆ ಗಣಿತದ ಮೂಲಕ ಹೋಲಿಸುವ ಪದ್ಧತಿ ಕಳೆದ ಅರ್ಧಶತಮಾನದಲ್ಲಿ ಬೆಳೆದು ಬಂದಿದೆ. ಆಸ್ಪತ್ರೆಗಳಲ್ಲಿ ಇ.ಇ.ಜಿ. ಎಂದು ಕರೆಯುವ ಲೇಖವೇ ಇದಕ್ಕೆ ಆಧಾರ. ಹೋಲಿಕೆಯ ಫಲವು ಹೆಚ್ಚಾಗಿ ತಲೆಯ ಆಕಾರದ ಬಣ್ಣದ ಚಿತ್ರಗಳಾಗಿ ರೋಗಿಯ ಕೈಸೇರುತ್ತದೆ. ಸಮೂಹಕ್ಕಿಂತ ಹೆಚ್ಚಿರುವ ಕಡೆ ಕೆಂಪು, ಕಡಮೆಯಿರುವ ಕಡೆ ನೀಲಿ. ಕೆಂಪು ಬಣ್ಣ ಕಂಡೊಡನೆ ತಾಯಿತಂದೆಗಳ ಎದೆ ನಡುಗುವುದು ಸಹಜ. ಆ ಕೆಂಪು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮಿದುಳಿನ ಕಣಗಳು ವಿದ್ಯುತ್ತಿನ ಮೂಲಕ ಒಂದರೊಡನೊಂದು ವ್ಯವಹರಿಸುತ್ತವೆ. ಲಿವರ್‌ಪೂಲಿನ ರಿಚರ್ಡ್ ಕೇಟನ್ ೧೮೭೫ರಲ್ಲಿಯೇ ಪ್ರಾಣಿಗಳ ಮಿದುಳಿನ ಮೇಲೆ ಈ ವಿದ್ಯುತ್ತನ್ನು ಕಂಡಿದ್ದನು. ಮನುಷ್ಯನ ತಲೆಯಿಂದ ಅದನ್ನು ಮೊದಲು ಲೇಖಿಸಿದವನು ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್. ೧೯೨೪ರಲ್ಲಿ ದೊರೆತ ಫಲವನ್ನು ಅವನು ಐದು ವರ್ಷ ಪರೀಕ್ಷಿಸಿ, ೧೯೨೯ರಲ್ಲಿ ಪ್ರಕಟಿಸಿದನು. ಕಣ್ಣು ಮುಚ್ಚಿ ಸುಮ್ಮನೆ ಕುಳಿತಿರುವ ಪ್ರೌಢನ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ ಒಂದು ಲಯ ಕಾಣುತ್ತದೆ. ಕಣ್ಣು ತೆರೆದರೆ ಅದು ಅಡಗುತ್ತದೆ. ಇದಕ್ಕೆ ಆಲ್ಫಾ ಲಯವೆಂದು ಹೆಸರಾಯಿತು. ಬರ್ಗರನ ಮಾತನ್ನು ಬಹುಮಂದಿ ನಂಬಲಿಲ್ಲ. ೧೯೩೪ರಲ್ಲಿ ಕೇಂಬ್ರಿಜ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಮ್ಮ ತಲೆಗಳ ಮೇಲೆಯೇ ಪ್ರಯೋಗವನ್ನು ಮಾಡಿ ಅದನ್ನು ದೃಢಪಡಿಸಿದರು. ಆ ಪ್ರಯೋಗದಲ್ಲಿ ಕಂಡುಬಂದ ಒಂದು ವಿಶೇಷವು ಪ್ರಸ್ತುತ ವಿಷಯಕ್ಕೆ ಬಹಳ ಉಪಯುಕ್ತವಾದುದು. ಏಡ್ರಿಯನ್ನನ ತಲೆಯಲ್ಲಿ ಆಲ್ಫಾ ಲಯವು ಎದ್ದುಕಾಣುವಂತಿತ್ತು. ಮ್ಯಾಥ್ಯೂಸನ ತಲೆಯಲ್ಲಿ ಅದು ಕಂಡೂಕಾಣದಷ್ಟು ಕ್ಷೀಣವಾಗಿತ್ತು. ಇಬ್ಬರೂ ಆರೋಗ್ಯವಂತರು, ಇಬ್ಬರೂ ಮೇಧಾವಿಗಳು. ಸ್ವಸ್ಥರು ಒಬ್ಬರಂತೆ ಒಬ್ಬರಿರುವುದಿಲ್ಲವೆಂಬುದು ಈ ಶಾಸ್ತ್ರದ ಬಾಲ್ಯದಲ್ಲಿಯೇ ಸಿದ್ಧಪಟ್ಟ ಮಾತು.

ತಲೆಯ ಚರ್ಮದ ಮೇಲೆ ಸಿಕ್ಕುವ ಈ ವಿದ್ಯುತ್ತು ಅತ್ಯಲ್ಪ. ಕೈದೀಪದ ಒಂದು ಬ್ಯಾಟರಿಯ ಒತ್ತಡ ಒಂದೂವರೆ ವೋಲ್ಟ್ ಆದರೆ, ಇದನ್ನು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ, ಕೆಲವು ಹತ್ತರಷ್ಟು ಪಾಲುಗಳಲ್ಲಿ ಎಣಿಸಬೇಕು. ಆದಕಾರಣ ರೆಪ್ಪೆ ಬಡಿದರೂ, ಹಲ್ಲು ಕಚ್ಚಿದರೂ, ಕೂದಲಿನಲ್ಲಿ ಕೊಬ್ಬರಿಎಣ್ಣೆ ಉಳಿದಿದ್ದು ಬಿಲ್ಲೆಗಳು ಸರಿಯಾಗಿ ಅಂಟದಿದ್ದರೂ ಲೇಖ ಕೆಡುತ್ತದೆ. ಹಿಂದಿನ ದಿನ ತಲೆಯನ್ನು ಚೆನ್ನಾಗಿ ತೊಳೆದು, ಎಣ್ಣೆ ಹಚ್ಚದೆ ಬರಬೇಕೆಂದು ಆಸ್ಪತ್ರೆಯವರು ಹೇಳುವುದು ಇದಕ್ಕಾಗಿಯೇ. ಬಿಲ್ಲೆಗಳನ್ನು ಇಡುವ ಸ್ಥಾನಗಳು ೧೯೫೮ರಿಂದ ಅಂತರರಾಷ್ಟ್ರೀಯವಾಗಿ ಗೊತ್ತಾಗಿವೆ. ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನವರೆಗಿನ ದೂರವನ್ನು ನೂರಕ್ಕೆ ಹತ್ತು, ಇಪ್ಪತ್ತರ ಪಾಲುಗಳಾಗಿ ಹಂಚಿ ಆ ಸ್ಥಾನಗಳನ್ನು ಗುರುತಿಸುತ್ತಾರೆ. ಸಾಮಾನ್ಯವಾದ ಪರೀಕ್ಷೆಯಲ್ಲಿ ತಲೆಯ ಮೇಲೆ ಹತ್ತೊಂಬತ್ತು ಸ್ಥಾನಗಳಿರುತ್ತವೆ. ತಲೆ ಚಿಕ್ಕದಾಗಲಿ ದೊಡ್ಡದಾಗಲಿ ಸ್ಥಾನಗಳ ಅನುಪಾತ ಬದಲಾಗದಿರುವುದರಿಂದಲೇ ಒಬ್ಬನ ಲೇಖವನ್ನು ಇನ್ನೊಬ್ಬನ ಲೇಖದ ಪಕ್ಕದಲ್ಲಿಡಲು ಸಾಧ್ಯವಾಗುತ್ತದೆ.

ಲೇಖದ ಗಣಿತಪರಿಷ್ಕಾರವನ್ನು ಛಂದಸ್ಸಿನ ಅಧ್ಯಾಪಕರು ಪ್ರಸ್ತಾರದ ಉಪಮಾನದಿಂದ ಸುಲಭವಾಗಿ ಗ್ರಹಿಸಬಹುದು. ಹಲವು ನಿಮಿಷಗಳ ಅಲೆಗಳನ್ನು ವೇಗಕ್ಕೆ ತಕ್ಕಂತೆ ಬಿಡಿಸಿ, ಸೆಕೆಂಡಿಗೆ ನಾಲ್ಕಕ್ಕಿಂತ ಕಡಮೆಯಾದವು ಡೆಲ್ಟಾ, ನಾಲ್ಕರಿಂದ ಎಂಟರವು ಥೀಟಾ, ಎಂಟರಿಂದ ಹದಿಮೂರರವು ಆಲ್ಫಾ, ಅದಕ್ಕೂ ಮೇಲೆ ಮೂವತ್ತರವರೆಗಿನವು ಬೀಟಾ ಎಂದು ವಿಂಗಡಿಸಿ, ಒಂದೊಂದು ವರ್ಗದ ಬಲ ಎಷ್ಟೆಂದು ಪ್ರತಿಯೊಂದು ಸ್ಥಾನದಲ್ಲಿಯೂ ಲೆಕ್ಕಹಾಕುತ್ತಾರೆ. ಅನಂತರ ಸ್ವಸ್ಥಸಮೂಹದಲ್ಲಿ ಅದೇ ವಯಸ್ಸಿನವರ ಸರಾಸರಿಯನ್ನು ಈ ಸಂಖ್ಯೆಯಿಂದ ಕಳೆದು, ಆ ಸಮೂಹದವರು ತಮ್ಮತಮ್ಮೊಳಗೇ ಎಷ್ಟು ಚದುರಿರುತ್ತಾರೆಂಬ ಅಳತೆಯಿಂದ, ಎಂದರೆ ಪ್ರಮಾಣವಿಚಲನೆಯಿಂದ, ಭಾಗಿಸುತ್ತಾರೆ. ಉದಾಹರಣೆಗೆ ಒಂದು ಸಮೂಹದಲ್ಲಿ ಆಲ್ಫಾ ಲಯದ ಸರಾಸರಿ ವೇಗ ಹತ್ತು, ಪ್ರಮಾಣವಿಚಲನೆ ಒಂದು ಎಂದು ಭಾವಿಸಿದರೆ, ಎಂಟರ ವೇಗವುಳ್ಳವನ ಅಂಕ ಋಣ ಎರಡು. ಇದರ ಅರ್ಥ ಇಷ್ಟೇ: ಆ ಸಮೂಹದ ನೂರು ಮಂದಿ ಆರೋಗ್ಯವಂತರಲ್ಲಿ ಇಷ್ಟು ನಿಧಾನವಾದ ಲಯವುಳ್ಳವರು ಸುಮಾರು ಇಬ್ಬರು ಸಿಕ್ಕುತ್ತಾರೆ. ಆ ಇಬ್ಬರೂ ಸಮೂಹಕ್ಕೆ ಸೇರಿದವರು, ಎಂದರೆ ಸ್ವಸ್ಥರೇ ಎಂಬುದನ್ನು ಮರೆಯಕೂಡದು.

ಇಲ್ಲಿ ಮೊದಲನೆಯ ತೊಡಕು ತಲೆದೋರುತ್ತದೆ. ಹತ್ತೊಂಬತ್ತು ಸ್ಥಾನ, ನಾಲ್ಕು ವರ್ಗ. ಒಟ್ಟು ಎಪ್ಪತ್ತಾರು ಅಂಕಗಳು. ಎರಡು ಪ್ರಮಾಣವಿಚಲನೆಗಳ ಗಡಿಯನ್ನು ಮೇಲಾಗಲಿ ಕೆಳಗಾಗಲಿ ದಾಟುವ ಸಂಭವ ಒಂದೊಂದು ಅಂಕಕ್ಕೂ ನೂರಕ್ಕೆ ಸುಮಾರು ನಾಲ್ಕೂವರೆ. ಹೀಗಿರುವಲ್ಲಿ ಯಾವ ರೋಗವೂ ಇಲ್ಲದ ವ್ಯಕ್ತಿಯ ಚಿತ್ರದಲ್ಲಿಯೂ ಸರಾಸರಿ ಮೂರು ನಾಲ್ಕು ಕಡೆ ಕೆಂಪೋ ನೀಲಿಯೋ ಕಾಣಿಸಿಕೊಳ್ಳಲೇಬೇಕು. ಬಲಗಳೊಡನೆ ಸ್ಥಾನಸ್ಥಾನಗಳ ಪರಸ್ಪರ ಸಂಬಂಧಗಳನ್ನೂ ಅಳೆದರೆ ಅಂಕಗಳು ನೂರಾರು, ಸಾವಿರಾರು ಆಗುತ್ತವೆ. ಬಣ್ಣದ ಕಲೆಗಳೂ ಅದೇ ಪ್ರಮಾಣದಲ್ಲಿ ಬೆಳೆಯುತ್ತವೆ. ಪಂಚಾಂಗದಲ್ಲಿ ದೋಷ ಹುಡುಕುವವನಿಗೆ ದೋಷವಿಲ್ಲದ ದಿನವೇ ಸಿಕ್ಕದು. ಬಲ್ಲ ಗಣಿತಜ್ಞರು ಇದಕ್ಕೆ ತಿದ್ದುಪಡಿಗಳನ್ನು ಕಲ್ಪಿಸಿದ್ದಾರೆ. ಆದರೆ ರೋಗಿಯ ಕೈಗೆ ಬರುವ ಚಿತ್ರದಲ್ಲಿ ಆ ತಿದ್ದುಪಡಿ ಆಗಿದೆಯೋ ಇಲ್ಲವೋ ಎಂಬುದು ಬಣ್ಣವನ್ನು ನೋಡಿದ ಮಾತ್ರಕ್ಕೆ ತಿಳಿಯುವಂತಿಲ್ಲ.

ಎರಡನೆಯ ತೊಡಕು ಇದಕ್ಕೆ ಪ್ರತಿಯಾದುದು. ಇದು ಹೆಚ್ಚು ಅಪಾಯಕರವೂ ಹೌದು. ಭಾಮಿನೀಷಟ್ಪದಿಯ ಒಂದು ಪದ್ಯದಲ್ಲಿ ೧೦೨ ಮಾತ್ರೆಗಳಿರುವುವಷ್ಟೆ. ಒಂದು ಪಾದದಲ್ಲಿ ಒಂದು ಮಾತ್ರೆ ಹೆಚ್ಚಿ, ಇನ್ನೊಂದರಲ್ಲಿ ಒಂದು ಕುಂದಿದರೆ ಒಟ್ಟು ಲೆಕ್ಕ ಸರಿಯಾಗಿಯೇ ಇರುತ್ತದೆ. ಓದುವವನ ಕಿವಿ ಮಾತ್ರ ಎಡವುತ್ತದೆ. ಸ್ವಸ್ಥಸಮೂಹದ ಹೋಲಿಕೆ ಮಾತ್ರೆಗಳ ಒಟ್ಟು ಲೆಕ್ಕದಂತೆ. ಅಪಸ್ಮಾರವನ್ನು ಸೂಚಿಸುವ ಚೂಪಾದ ಅಲೆ ಒಂದು ಸೆಕೆಂಡಿನ ಹದಿನೈದನೆಯ ಒಂದು ಪಾಲಿಗಿಂತಲೂ ಕಡಮೆ ಕಾಲ ಇರಬಹುದು. ಅರ್ಧಗಂಟೆಯ ಲೇಖದಲ್ಲಿ ಎರಡೋ ಮೂರೋ ಬಾರಿ ಮಾತ್ರ ತೋರಬಹುದು. ನಿಮಿಷಗಳ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಅನುಭವಿಯಾದ ವೈದ್ಯನು ಪುಟಪುಟವಾಗಿ ಲೇಖವನ್ನು ನೋಡಿದರೆ ಅವನ ಕಣ್ಣು ಅಲ್ಲಿ ನಿಲ್ಲುತ್ತದೆ. ಅಮೆರಿಕದ ನರರೋಗವೈದ್ಯರ ಪರಿಷತ್ತು ೧೯೯೭ರಲ್ಲಿ ಈ ವಿಷಯವಾಗಿ ಅಭಿಪ್ರಾಯ ಕೊಡುವಾಗ, ಗಣಿತದ ಹೋಲಿಕೆಯನ್ನು ತಜ್ಞರು ಕಣ್ಣಾರೆ ಓದಿದ ಲೇಖಕ್ಕೆ ಅನುಬಂಧವಾಗಿ ಮಾತ್ರ ಬಳಸಬೇಕೆಂದು ಹೇಳಿದುದಕ್ಕೆ ಇಂಥ ಕಾರಣಗಳಿದ್ದವು.

ಕನ್ನಡನಾಡಿನಲ್ಲಿ ಈ ಎರಡನೆಯ ತೊಡಕಿಗೆ ಒಂದು ವಿಶಿಷ್ಟವಾದ ನಿದರ್ಶನವುಂಟು. ಅದು ಬಿಸಿನೀರಿನ ಅಪಸ್ಮಾರ. ಎರೆದುಕೊಳ್ಳುವ ದಿನ ಹಂಡೆಯ ಕಾದ ನೀರನ್ನು ಚೊಂಬಿನಿಂದ ತಲೆಯ ಮೇಲೆ ಬೇಗಬೇಗನೆ ಸುರಿದುಕೊಳ್ಳುತ್ತಿರುವಾಗ ಕೆಲವರು, ವಿಶೇಷವಾಗಿ ಹುಡುಗರು, ಇದ್ದಕ್ಕಿದ್ದಂತೆ ಮಂಕಾಗಿ ದೃಷ್ಟಿ ನೆಟ್ಟು ಏನನ್ನೋ ಗೊಣಗುತ್ತಾರೆ. ಕೆಲವರು ಬಿದ್ದು ಕೈಕಾಲು ಬಡಿಯುತ್ತಾರೆ. ಮತ್ತೆ ಕೆಲವರು ಮಂಕು ಕವಿಯುತ್ತಿದ್ದರೂ ನೀರು ಸುರಿದುಕೊಳ್ಳುವುದನ್ನು ನಿಲ್ಲಿಸಲಾರದೆ ಸುರಿಯುತ್ತಲೇ ಇರುತ್ತಾರೆ. ಮೈಗೆ ಮಾತ್ರ ನೀರು ಹಾಕಿಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಈ ವ್ಯಾಧಿಯನ್ನು ೧೯೪೫ರಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲು ವರ್ಣಿಸಿದರು. ಜಗತ್ತಿನ ಬಹುಭಾಗದಲ್ಲಿ ಅದು ಅಪರೂಪದ ಕೌತುಕವಾಗಿಯೇ ಉಳಿಯಿತು. ದಕ್ಷಿಣ ಭಾರತದಲ್ಲಿ ಹಾಗಲ್ಲವೆಂದು ಬೆಂಗಳೂರಿನ ವೈದ್ಯ ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ ೧೯೬೮ರಲ್ಲಿ ತೋರಿಸಿದರು. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ರಾಷ್ಟ್ರೀಯ ಸಂಸ್ಥೆ, ಎಂದರೆ ನಿಮ್ಹಾನ್ಸ್, ೧೯೭೪ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡಿತು. ಅಲ್ಲಿಯ ಪಿ. ಸತೀಶಚಂದ್ರ ಮತ್ತು ಸಂಗಡಿಗರು ೧೯೮೮ರಲ್ಲಿ ೨೭೯ ಮಂದಿ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಯಳಂದೂರು ಸೀಮೆಯಲ್ಲಿ ಮನೆಮನೆ ವಿಚಾರಿಸಿ ನಡೆಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು ೨೫೫ ಜನರಿಗೆ ಈ ಬಾಧೆಯಿರುವುದು ಕಂಡುಬಂದಿತು. ಅಪರೂಪವೆಂಬ ಮಾತಿಗೆ ಅರ್ಥ ಬರುವುದು ಯಾರ ನಡುವೆ ಅಪರೂಪ ಎಂದು ಹೇಳಿದ ಮೇಲೆಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಈಗ ಲೇಖದ ವಿಷಯ. ಈ ರೋಗಿಗಳಲ್ಲಿ ಬಹುಪಾಲು ಜನರಿಗೆ, ರೋಗ ಬಾರದ ವೇಳೆಯಲ್ಲಿ ತೆಗೆದ ವಿದ್ಯುಲ್ಲೇಖವು ಸ್ವಸ್ಥರದರಂತೆಯೇ ಇರುತ್ತದೆ. ಕಾನಹೊಸಹಳ್ಳಿಯ ಕಡೆಯ ಒಬ್ಬ ಹುಡುಗನಿಗೆ ಬಚ್ಚಲಲ್ಲಿ ಮೂರು ಬಾರಿ ಹೀಗಾಯಿತೆಂದು ಕಲ್ಪಿಸಿಕೊಳ್ಳಬಹುದು. ಅವನನ್ನು ಬಳ್ಳಾರಿಗೋ ದಾವಣಗೆರೆಗೋ ಕರೆದೊಯ್ದು, ಒಣಗಿದ ತಲೆಯ ಮೇಲೆ ಬಿಲ್ಲೆಗಳನ್ನಿಟ್ಟು, ತಣ್ಣಗಿರುವ ಕೋಣೆಯಲ್ಲಿ ಮಲಗಿಸಿ ಲೇಖ ತೆಗೆಯುತ್ತಾರೆ. ಎಲ್ಲ ಅಂಕಗಳೂ ಗಡಿಯೊಳಗೇ ಬರುತ್ತವೆ. ಕಾಗದವನ್ನು ಮಾತ್ರ ಓದಿದವರು ಏನೂ ಇಲ್ಲವೆಂದು ಹೇಳಿ ಕಳುಹಿಸಿದರೆ, ಮುಂದಿನ ವಾರ ಅದೇ ಹಂಡೆ, ಅದೇ ಚೊಂಬು. ಮನೆಯವರು ಅದನ್ನು ಗಾಳಿ ಎನ್ನಲೂಬಹುದು, ಹುಡುಗನ ನಾಟಕವೆನ್ನಲೂಬಹುದು. ಆದರೆ ಅವನ ತಾಯಿಯನ್ನು ಐದು ನಿಮಿಷ ಕೂರಿಸಿ ಕೇಳಿದ ವೈದ್ಯನಿಗೆ ಕಾಗದವಿಲ್ಲದೆಯೂ ರೋಗದ ಹೆಸರು ತಿಳಿಯುತ್ತದೆ. ನೀರಿನ ಕಾವನ್ನು ಇಳಿಸಬೇಕೆಂಬ ಉಪಾಯವೂ, ಅದು ಸಾಲದವರಿಗೆ ಔಷಧವೂ ಉಂಟು. ಲೇಖವು ಸುಳ್ಳು ಹೇಳಲಿಲ್ಲ. ಒಣತಲೆಯ ವಿಶ್ರಾಂತ ಸ್ಥಿತಿಯಲ್ಲಿ ಈ ಮಿದುಳು ಸ್ವಸ್ಥರದರಂತೆ ನಡೆಯುತ್ತದೆಯೇ ಎಂದು ಅದನ್ನು ಕೇಳಿದ್ದರು. ಹೌದೆಂದು ಅದು ಉತ್ತರವಿತ್ತಿತು. ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ.

ಸಮೂಹದ ಸಂಖ್ಯೆಗಳಿಂದ ವ್ಯಕ್ತಿಯ ನಿರ್ಣಯಕ್ಕೆ ಬರುವಾಗ ಇನ್ನೊಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಬೆಂಗಳೂರು ನಗರದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ವಿಚಾರಿಸಿ ನಿಮ್ಹಾನ್ಸಿನ ವಿದ್ವಾಂಸರು ೨೦೦೪ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಪಸ್ಮಾರವು ನಗರದಲ್ಲಿ ಸಾವಿರಕ್ಕೆ ೫.೭, ಹಳ್ಳಿಗಳಲ್ಲಿ ೧೧.೯. ಹತ್ತು ಸಾವಿರ ಜನರಿರುವ ಒಂದು ಗ್ರಾಮಸಮುದಾಯಕ್ಕೆ ಈ ಎರಡನೆಯ ದರವನ್ನು ಅನ್ವಯಿಸಿದರೆ ರೋಗಿಗಳು ೧೧೯, ರೋಗವಿಲ್ಲದವರು ೯,೮೮೧. ಅಪಸ್ಮಾರವುಳ್ಳವರಲ್ಲಿ ಮೊದಲ ಲೇಖದಲ್ಲಿಯೇ ಚೂಪಾದ ಅಲೆಗಳು ದೊರೆಯುವುದು ಸುಮಾರು ಅರ್ಧಮಂದಿಗೆ. ಆರೋಗ್ಯವಂತರಲ್ಲಿ ಅವು ಎಷ್ಟು ವಿರಳವೆಂಬುದಕ್ಕೆ ಇಂಗ್ಲೆಂಡಿನಲ್ಲಿ ವಿಮಾನದಳಕ್ಕೆ ಸೇರಲು ಬಂದ ೧೩,೬೫೮ ತರುಣರ ಲೇಖಗಳಿವೆ. ೧೯೯೩ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾವಿರಕ್ಕೆ ಐವರಲ್ಲಿ ಅವು ಕಂಡುಬಂದವು. ಈ ಪ್ರಮಾಣಗಳಿಂದ ಲೆಕ್ಕಹಾಕಿ ಇಡೀ ಸಮುದಾಯಕ್ಕೆ ಲೇಖ ತೆಗೆದರೆ ಗುರುತು ಬೀಳುವವರು ರೋಗಿಗಳಲ್ಲಿ ಸುಮಾರು ಅರವತ್ತು, ರೋಗವಿಲ್ಲದವರಲ್ಲಿ ಸುಮಾರು ನಲವತ್ತೊಂಬತ್ತು. ಎಂದರೆ ಗುರುತು ಬಿದ್ದವರಲ್ಲಿ ನೂರಕ್ಕೆ ನಲವತ್ತೈದು ಮಂದಿಗೆ ರೋಗವಿಲ್ಲ; ರೋಗವಿರುವವರಲ್ಲಿ ಅರ್ಧದಷ್ಟು ಜನರಿಗೆ ಗುರುತೇ ಇಲ್ಲ. ವಿಮಾನದಳಕ್ಕೆ ಬಂದವರು ಮೊದಲೇ ಸೋಸಿದ ಗಟ್ಟಿಮುಟ್ಟಾದ ತರುಣರು. ಮಕ್ಕಳಲ್ಲಿ ಇಂಥ ಅಲೆಗಳು ಆರೋಗ್ಯವಂತರಿಗೂ ಇದಕ್ಕಿಂತ ಹೆಚ್ಚಾಗಿ ತೋರುತ್ತವೆ. ಶಾಲೆಯ ಮಕ್ಕಳನ್ನು ಸಾಲಾಗಿ ಕೂರಿಸಿ ಮಿದುಳಿನ ಪರೀಕ್ಷೆ ಮಾಡಿಸುವುದು ಕೇಳಲು ಹಿತವಾದ ಯೋಜನೆ. ಫಲದಲ್ಲಿ ಅದು ನೆಮ್ಮದಿಯಾಗಿದ್ದ ಹಲವು ಮನೆಗಳಿಗೆ ಚಿಂತೆಯನ್ನು ಹಂಚುವ ಯೋಜನೆ. ಅದೇ ಚೂಪಾದ ಅಲೆ, ಮೂರ್ಛೆ ಬಂದುದನ್ನು ಕಂಡವರಿರುವ ರೋಗಿಯಲ್ಲಿ ದೊರೆತರೆ ಬಹುಮಟ್ಟಿಗೆ ನಿರ್ಣಾಯಕವಾಗುತ್ತದೆ. ಗುರುತಿನ ಬೆಲೆಯನ್ನು ಗುರುತಿಗಿಂತ ಮುಂಚಿನ ವೃತ್ತಾಂತವೇ ಕಟ್ಟುತ್ತದೆ.

ಇಷ್ಟರವರೆಗೆ ಸ್ವಸ್ಥಸಮೂಹವು ಇದ್ದೇ ಇದೆಯೆಂದು ಭಾವಿಸಿದ್ದಾಯಿತು. ಅದರಲ್ಲಿ ಇರುವವರು ಯಾರು? ಸಂಖ್ಯಾರೂಪದ ಹೋಲಿಕೆಗೆ ತಳಹದಿ ಹಾಕಿದವರಲ್ಲಿ ಸ್ವೀಡನ್ನಿನ ಮಾಟೌಷೆಕ್ ಮತ್ತು ಪೀಟರ್ಸೇನ್ ಮುಖ್ಯರು. ಒಂದರಿಂದ ಇಪ್ಪತ್ತೊಂದು ವರ್ಷದೊಳಗಿನ ಆರೋಗ್ಯವಂತರ ಅಂಕಗಳನ್ನು ಅವರು ೧೯೭೩ರಲ್ಲಿ ಪ್ರಕಟಿಸಿದರು. ನ್ಯೂಯಾರ್ಕಿನ ಇ. ರಾಯ್ ಜಾನ್ ಮತ್ತು ಸಂಗಡಿಗರು ಆ ದಶಕದ ಕೊನೆಯಲ್ಲಿ ಇದನ್ನೇ ವಿಸ್ತರಿಸಿ, ವಯಸ್ಸಿನೊಡನೆ ಅಲೆಗಳ ಪ್ರಮಾಣ ಬದಲಾಗುವ ಕ್ರಮಕ್ಕೆ ಸಮೀಕರಣಗಳನ್ನು ರಚಿಸಿದರು. ವಯಸ್ಸಿನ ವಿಷಯದಲ್ಲಿ ಇದು ಅನಿವಾರ್ಯವಾದ ಕಾರ್ಯವೇ ಆಗಿದ್ದಿತು. ಹಿಂಭಾಗದ ಲಯವು ಕೆಲವು ತಿಂಗಳ ಕೂಸಿನಲ್ಲಿ ಸೆಕೆಂಡಿಗೆ ಮೂರು ನಾಲ್ಕು, ಮೂರು ವರ್ಷದ ಮಗುವಿನಲ್ಲಿ ಸುಮಾರು ಎಂಟು, ಪ್ರೌಢರಲ್ಲಿ ಸುಮಾರು ಹತ್ತು. ಅಂಬೆಗಾಲಿಡುವ ಮಗುವಿಗೆ ಸಹಜವಾದ ಲಯವೇ ಎಚ್ಚತ್ತಿರುವ ಪ್ರೌಢನಲ್ಲಿ ತೋರಿದರೆ ಅದು ವ್ಯಾಧಿಯ ಲಕ್ಷಣ. ಕ್ಯೂಬಾ ದೇಶದವರು ಐದರಿಂದ ತೊಂಬತ್ತೇಳು ವರ್ಷದವರೆಗಿನ ೨೧೧ ಮಂದಿಯ ಸಮೂಹವನ್ನು ಕಟ್ಟಿದರು. ದೊಡ್ಡ ದೇಶಗಳ ಯಂತ್ರವೈಭವವಿಲ್ಲದ ಒಂದು ಚಿಕ್ಕ ದ್ವೀಪ ಈ ಶಾಸ್ತ್ರದಲ್ಲಿ ಮುಂದಾಳಾದುದು ಶ್ಲಾಘ್ಯವಾದ ಸಂಗತಿ. ಆ ಪರಂಪರೆಯಲ್ಲಿಯೇ ೨೦೨೨ರಲ್ಲಿ ಒಂಬತ್ತು ದೇಶಗಳಿಂದ ಹನ್ನೆರಡು ಬಗೆಯ ಯಂತ್ರಗಳಲ್ಲಿ ತೆಗೆದ ೧,೫೬೪ ಲೇಖಗಳನ್ನು ಒಂದುಗೂಡಿಸಿದ ಮಾದರಿ ಪ್ರಕಟವಾಯಿತು. ಯಂತ್ರ ಬೇರೆಯಾದರೆ, ಲೇಖ ತೆಗೆದ ಕೇಂದ್ರ ಬೇರೆಯಾದರೆ ಅಂಕಗಳೂ ಬೇರೆಯಾಗುತ್ತವೆಂದೂ, ಆ ವ್ಯತ್ಯಾಸವನ್ನು ಕಳೆಯದೆ ಹೋಲಿಸಿದರೆ ಯಂತ್ರದ ಗುಣವೇ ರೋಗಿಯ ದೋಷವಾಗಿ ಕಾಣಬಹುದೆಂದೂ ಆ ವಿದ್ವಾಂಸರೇ ತೋರಿಸಿದರು. ಆ ಒಂಬತ್ತು ದೇಶಗಳಲ್ಲಿ ಭಾರತ ಸೇರಿರಲಿಲ್ಲ.

ಹಾಗೆಂದು ಸ್ವೀಡನ್ನಿನವರ ಮಿದುಳು ಬೇರೆ, ಕೂಡ್ಲಿಗಿಯವರ ಮಿದುಳು ಬೇರೆ ಎಂದು ವಾದಿಸುವುದು ಸರಿಯಲ್ಲ. ರಾಯ್ ಜಾನ್ ಮತ್ತು ಸಂಗಡಿಗರು ಬಾರ್ಬಡೋಸ್ ದ್ವೀಪದ ಆರೋಗ್ಯವಂತ ಮಕ್ಕಳನ್ನೂ ತಮ್ಮ ಸಮೀಕರಣಗಳಿಗೆ ಒಡ್ಡಿ ನೋಡಿ, ಅಂಕಗಳು ಬಹುಮಟ್ಟಿಗೆ ಹೊಂದುತ್ತವೆಂದು ಕಂಡರು. ಇದಕ್ಕೆ ಪ್ರತಿಯಾಗಿ, ದಕ್ಷಿಣ ಭಾರತದಲ್ಲಿ ವಿದ್ಯುದ್ದೀಪವಿಲ್ಲದ ಕುಗ್ರಾಮದಿಂದ ಹಿಡಿದು ನಗರದ ಶ್ರೀಮಂತರವರೆಗೆ ನಾನಾ ಸ್ಥಿತಿಗಳ ಜನರ ಲೇಖಗಳನ್ನು ತೆಗೆದ ಪರಮೇಶ್ವರನ್ ಮತ್ತು ತ್ಯಾಗರಾಜನ್ ಎಂಬ ವಿದ್ವಾಂಸರು, ಆಲ್ಫಾ ಲಯದ ಬಲವು ಜನರ ಜೀವನಸ್ಥಿತಿಯೊಡನೆ ಬಹಳವಾಗಿ ಬದಲಾಗುತ್ತದೆಂದು ೨೦೧೭ರಲ್ಲಿ ಹೇಳಿದರು. ಇದು ಒಂದು ತಂಡದ ಫಲ. ಇದರ ಮೇಲೆ ದೊಡ್ಡ ಸಿದ್ಧಾಂತವನ್ನು ನಿಲ್ಲಿಸುವುದು ಅವಸರವಾದೀತು. ಆದರೆ ಅದು ನಿಜವಾಗಿದ್ದರೆ, ಆಲ್ಫಾ ಕ್ಷೀಣವಾಗಿದೆಯೆಂದು ನೀಲಿ ಬಣ್ಣ ಬಳಿಸಿಕೊಂಡ ಹಳ್ಳಿಗನು ತನ್ನ ಊರಿನವರ ನಡುವೆ ಸರಾಸರಿಯವನೇ ಆಗಿರಬಹುದು. ಈ ಸಂದೇಹವನ್ನು ಕಳೆಯುವ ಮಾರ್ಗ ಒಂದೇ: ಆ ಊರಿನವರನ್ನೇ ಅಳೆಯುವುದು.

ಬೆಂಗಳೂರಿನಲ್ಲಿ ಅಂಥ ಒಂದು ಕಾರ್ಯ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಮತ್ತು ಸಂಗಡಿಗರು ಐವತ್ತರ ಆಚೆಯ, ನೆನಪು ಬುದ್ಧಿಗಳು ಕುಂದದ ಇನ್ನೂರಕ್ಕೂ ಹೆಚ್ಚು ನಗರವಾಸಿಗಳಿಗೆ ಕಪ್ಪುಬಿಳುಪು ಪಟ್ಟೆಗಳ ಚಿತ್ರಗಳನ್ನು ತೋರಿಸುತ್ತ ಲೇಖ ತೆಗೆದು, ಆಗ ಏಳುವ ಗಾಮಾ ಎಂಬ ವೇಗದ ಲಯಗಳು ಆರೋಗ್ಯವಂತರಲ್ಲಿಯೂ ವಯಸ್ಸಿನೊಡನೆ ಕ್ಷೀಣಿಸುತ್ತವೆಂದು ೨೦೨೦ರಲ್ಲಿ ತೋರಿಸಿದರು. ಮರುವರ್ಷ, ಮರೆವಿನ ರೋಗ ತಲೆದೋರುತ್ತಿದ್ದ ಕೆಲವರನ್ನು ಅದೇ ವಯಸ್ಸಿನ, ಗಂಡಿಗೆ ಗಂಡು ಹೆಣ್ಣಿಗೆ ಹೆಣ್ಣು ಎಂಬಂತೆ ಆರಿಸಿದ ಸ್ವಸ್ಥರೊಡನೆ ಹೋಲಿಸಿ, ರೋಗಿಗಳಲ್ಲಿ ಆ ಲಯಗಳು ಇನ್ನೂ ಕ್ಷೀಣವೆಂದು ಪ್ರಕಟಿಸಿದರು. ಮೊದಲ ಕಾರ್ಯವಿಲ್ಲದೆ ಎರಡನೆಯದಕ್ಕೆ ಬೆಲೆಯಿಲ್ಲ. ಎಪ್ಪತ್ತೈದರ ಮುದುಕಿಯನ್ನು ಐವತ್ತೈದರವರೊಡನೆ ಹೋಲಿಸಿದ್ದರೆ ಮುಪ್ಪೇ ರೋಗವೆಂದು ತೋರುತ್ತಿತ್ತು. ರೋಗಿಗಳ ಸಂಖ್ಯೆ ಇಪ್ಪತ್ತನ್ನು ಮುಟ್ಟಿರಲಿಲ್ಲ. ಆದಕಾರಣ ಅದು ಎರಡು ಗುಂಪುಗಳ ನಡುವಣ ಅಂತರವೇ ಹೊರತು, ಒಬ್ಬೊಬ್ಬ ವ್ಯಕ್ತಿಯನ್ನೂ ಬೇರ್ಪಡಿಸುವ ಸಾಧನವಲ್ಲ. ಗುಂಪುಗಳು ಸರಾಸರಿಯಲ್ಲಿ ಬೇರೆಯಾಗಿದ್ದರೂ ಅವುಗಳ ಅಂಚುಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ.

ಊರಿನ ಸಮೂಹ ಎಂದಾಗ ಅದರ ಎಲ್ಲೆ ಎಲ್ಲಿ ಎಂಬ ಪ್ರಶ್ನೆಯೂ ಏಳುತ್ತದೆ. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಸೇರಿ, ೨೦೨೧ರಲ್ಲಿ ಹೊಸದಾದ ವಿಜಯನಗರ ಜಿಲ್ಲೆಯ ಪಾಲಿಗೆ ಬಂದಿತು. ಅಲ್ಲಿಯ ಮಗುವಿನ ಮಿದುಳಿಗೆ ಈ ವರ್ಗಾವಣೆಗಳು ತಿಳಿಯವು. ಜಿಲ್ಲಾವಾರು ಸರಾಸರಿ ತೆಗೆಯುವ ಪಟ್ಟಿಗೆ ಮಾತ್ರ ತಿಳಿಯುತ್ತವೆ. ಮಿದುಳಿನ ಹೋಲಿಕೆಗೆ ಉಚಿತವಾದ ಎಲ್ಲೆಗಳು ಬೇರೆ. ವಯಸ್ಸು, ನಿದ್ರೆ, ಸೇವಿಸುತ್ತಿರುವ ಔಷಧಗಳು, ಹಿಂದೆ ತಲೆಗೆ ಬಿದ್ದ ಪೆಟ್ಟು, ಬಾಲ್ಯದ ಪೋಷಣೆ ಇವು ಆ ಎಲ್ಲೆಗಳನ್ನು ಗೊತ್ತುಮಾಡುತ್ತವೆ. ಇವುಗಳಲ್ಲಿ ಯಾವುದಾದರೊಂದು ದೋಷವಿರುವವರನ್ನೆಲ್ಲ ಹೊರಗಿಟ್ಟು ಸಮೂಹವನ್ನು ಸೋಸುತ್ತ ಹೋದರೆ ಕೊನೆಗೆ ಉಳಿಯುವವರು ಆದರ್ಶಪುರುಷರು. ಅವರೊಡನೆ ಹೋಲಿಸಿದಾಗ ನೆರೆಹೊರೆಯವರೆಲ್ಲ ರೋಗಿಗಳಾಗುತ್ತಾರೆ. ಸೋಸದೆ ಬಿಟ್ಟರೆ ರೋಗವೇ ಮಾದರಿಯೊಳಗೆ ಸೇರಿಕೊಳ್ಳುತ್ತದೆ. ಎಷ್ಟು ಸೋಸಬೇಕೆಂಬುದನ್ನು ಗಣಿತವು ನಿರ್ಧರಿಸದು, ಸಮೂಹವನ್ನು ಕಟ್ಟಿದವರ ವಿವೇಕವೇ ನಿರ್ಧರಿಸಬೇಕು. ಶುದ್ಧಪಾಠವನ್ನು ಹುಡುಕುವ ಗ್ರಂಥಸಂಪಾದಕರಿಗೆ ಈ ಇಕ್ಕಟ್ಟು ಹೊಸದಲ್ಲ.

ಎಲ್ಲ ಸಮೂಹಗಳಿಗಿಂತಲೂ ಹತ್ತಿರವಾದ ಒಂದು ಮಾದರಿಯುಂಟು. ಅದು ಆ ವ್ಯಕ್ತಿಯದೇ ಹಿಂದಿನ ಲೇಖ. ಪ್ರೌಢವಯಸ್ಸಿನಲ್ಲಿ ಒಬ್ಬನ ಆಲ್ಫಾ ಲಯದ ವೇಗ ವರ್ಷಗಳವರೆಗೆ ಹೆಚ್ಚು ಬದಲಾಗದೆ ನಿಲ್ಲುತ್ತದೆ. ಹನ್ನೊಂದರಲ್ಲಿದ್ದವನದು ಒಂಬತ್ತಕ್ಕೆ ಇಳಿದರೆ ಎರಡೂ ಸಮೂಹದ ಗಡಿಯೊಳಗೇ ಇವೆ, ಚಿತ್ರದಲ್ಲಿ ಬಣ್ಣವೇ ಮೂಡದು. ಅವನ ಮಟ್ಟಿಗೆ ಮಾತ್ರ ಅದು ಗಣನೀಯವಾದ ಇಳಿತ. ಇದು ಹೊರಪಡುವುದು ಹಳೆಯ ಲೇಖ ಉಳಿದಿದ್ದರೆ ಮಾತ್ರ. ಆಸ್ಪತ್ರೆಯಿಂದ ರೋಗಿಯ ಕೈಗೆ ಸಾಮಾನ್ಯವಾಗಿ ಬರುವುದು ಒಂದು ಪುಟದ ಅಭಿಪ್ರಾಯ, ಜೊತೆಗೆ ಕೆಲವು ಹಾಳೆಗಳ ಅಲೆಗಳು. ಯಂತ್ರದಲ್ಲಿ ಸಂಗ್ರಹವಾದ ಪೂರ್ಣಲೇಖವು ಅಲ್ಲಿಯೇ ಉಳಿದು, ಕಾಲಕ್ರಮದಲ್ಲಿ ಅಳಿಸಿಹೋಗುವುದೂ ಉಂಟು. ಕೂಡ್ಲಿಗಿ ಸೀಮೆಯಿಂದ ಬಳ್ಳಾರಿ, ದಾವಣಗೆರೆ, ಬೆಂಗಳೂರು ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಕುಟುಂಬವು ಆ ಪೂರ್ಣಲೇಖದ ಪ್ರತಿಯನ್ನು ಕೇಳಿ ಪಡೆದು, ಲೇಖ ತೆಗೆದ ದಿನ ಮಗುವಿನ ವಯಸ್ಸು ಎಷ್ಟಿತ್ತು, ಯಾವ ಔಷಧ ನಡೆಯುತ್ತಿತ್ತು, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿತ್ತು, ಎಷ್ಟು ಬಾರಿ ಮೂರ್ಛೆ ಬಂದಿತ್ತು ಎಂಬಿಷ್ಟನ್ನು ಅದರ ಮೇಲೆ ಬರೆದಿಡುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು. ಅಭಿಪ್ರಾಯದ ಪುಟವು ಅಂದು ಕೈಗೆ ಸಿಕ್ಕಿದ್ದ ಸಮೂಹದೊಡನೆ ಮಾಡಿದ ಹೋಲಿಕೆಯನ್ನು ಮಾತ್ರ ಹೇಳಬಲ್ಲದು. ಪೂರ್ಣಲೇಖವಿದ್ದರೆ, ಮುಂದೆ ಈ ಸೀಮೆಯ ಮಕ್ಕಳದೇ ಒಂದು ಸಮೂಹ ಸಿದ್ಧವಾದಾಗ ಅದರೊಡನೆಯೂ ಅದನ್ನು ಇಟ್ಟು ನೋಡಬಹುದು.